ಕೆರೆ ರಿಜಿಸ್ಟರಿನಲ್ಲಿ ನವರಾತ್ರಿಯ ಮೂರು ದಿನ

ಖಾಲಿ ಜಾಗ ಕಂಡರೆ ನನಗೆ ಆಗುತ್ತಿರಲಿಲ್ಲ. ಗೋಡೆಯಲ್ಲಿ ಮೊಳೆ ಇದ್ದು ಪಟ ಇಲ್ಲದಿದ್ದರೆ, ಡಬ್ಬಗಳ ಸಾಲಿನಲ್ಲಿ ಒಂದು ಡಬ್ಬ ಕಡಿಮೆಯಿದ್ದರೆ, ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದ್ದರೆ, ಅದನ್ನು ಸರಿಮಾಡುವ ತನಕ ಬೇರೆ ಕೆಲಸಕ್ಕೆ ಕೈ ಹೋಗುತ್ತಿರಲಿಲ್ಲ. ಅಮ್ಮ ಇದನ್ನು ಅಚ್ಚುಕಟ್ಟು ಎಂದು ನೆಂಟರ ಮುಂದೆ ಹೊಗಳುತ್ತಿದ್ದಳು, ನಾನೂ ಹಾಗೆಯೇ ನಂಬಿ ಬೀಗುತ್ತಿದ್ದೆ. ಈ ಗುಣವೇ ನನಗೆ ಕೆಲಸ ಕೊಡಿಸಿತು. ಈ ಗುಣದಿಂದಲೇ ನಾನು ಒಂದು ಕೆರೆಯ ವಿಷಯದಲ್ಲಿ ಒಂಬತ್ತು ವರ್ಷ ಸುಳ್ಳು ಬರೆದೆ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಬಿ.ಎಸ್‌ಸಿ. ಮುಗಿಸಿ ಲಕ್ಷ್ಮೀಪುರಂನ ಮನೆಯಲ್ಲಿ ಕೂತಿದ್ದೆ. ಜಾತಕಗಳು ಬರುತ್ತಿದ್ದವು, ಹೋಗುತ್ತಿದ್ದವು. ಅಷ್ಟರಲ್ಲಿ ನಾನು ಓದಿದ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರೊಫೆಸರರಿಗೆ ಒಬ್ಬ ಸಹಾಯಕರು ಬೇಕಾಗಿದ್ದಾರೆ ಎಂದು ಗೊತ್ತಾಯಿತು. ಕುಕ್ಕರಹಳ್ಳಿ ಕೆರೆಯನ್ನು ದಿನವೂ ಅಳೆಸಿ, ಬಂದ ಅಂಕಿಗಳನ್ನು ಬರೆದಿಡುವ ಕೆಲಸ. ಒಂದೆರಡು ವರ್ಷಕ್ಕಲ್ಲ, ಮೂವತ್ತು ನಲವತ್ತು ವರ್ಷ ಬಿಡದೆ ನಡೆಯಬೇಕು ಎನ್ನುವುದು ಅವರ ಹಟ. ಸಹೋದ್ಯೋಗಿಗಳು, "ಕೆರೆ ಎಲ್ಲಿಗೂ ಓಡಿಹೋಗಲ್ಲ ಬಿಡಿ ಸಾರ್, ನಿಧಾನವಾಗಿ ನೋಡ್ಬಹುದು" ಎಂದು ರೇಗಿಸುತ್ತಿದ್ದರು. ಅವರು ಅದಕ್ಕೆಲ್ಲ ಸೊಪ್ಪು ಹಾಕುವವರಲ್ಲ.

ಸಂದರ್ಶನದಲ್ಲಿ ಅವರು ನನ್ನ ಅಂಕಪಟ್ಟಿಯ ಕಡೆ ನೋಡಲೂ ಇಲ್ಲ. ಒಂದು ಬಿಳಿ ಹಾಳೆ ಕೊಟ್ಟು, ರೂಲು ದೊಣ್ಣೆಯಿಂದ ಗೆರೆ ಹಾಕಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಸಲ ಬರೆಯಲು ಹೇಳಿದರು. ಬರೆದು ಕೊಟ್ಟೆ. ಕನ್ನಡಕ ಹಣೆಗೇರಿಸಿ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ನಿನ್ನ ಒಂದು, ಏಳು ಬೇರೆ ಬೇರೆಯಾಗಿವೆ. ನನ್ನ ಕೈಬರಹದಲ್ಲಿ ಎರಡೂ ಒಂದೇ. ನಾಳೆಯಿಂದ ಬಾಮ್ಮ" ಎಂದರು. ನಾನು ಎದ್ದು ಹೊರಟಾಗ ಮತ್ತೆ ಕರೆದರು. "ಒಂದು ವಿಷಯ. ಈ ಕೆರೆ ಸಮಾಚಾರ ಪೂರ್ತಿ ಗೊತ್ತಾಗೋದು ನಾನು ಹೋದ್ಮೇಲೆ. ನಾವು ಬರೆದಿಡೋರು ಅಷ್ಟೆ. ಓದೋರು ಇನ್ನೂ ಹುಟ್ಟಿಲ್ಲ."

ಆ ಮಾತನ್ನು ಹಿರಿಯರು ಆಡುವ ದೊಡ್ಡ ಮಾತುಗಳಲ್ಲಿ ಒಂದು ಎಂದುಕೊಂಡು ತಲೆಯಾಡಿಸಿ ಬಂದುಬಿಟ್ಟೆ.

ರಿಜಿಸ್ಟರು ದಪ್ಪ ರಟ್ಟಿನದು, ಮೂಲೆಗಳಿಗೆ ಕೆಂಪು ಬಟ್ಟೆ ಅಂಟಿಸಿದ್ದು. ತಾರೀಖು, ವೇಳೆ, ತಟ್ಟೆ, ನೀರಿನ ಶಾಖ, ನೀರಿನ ಮಟ್ಟ, ಕೊನೆಯಲ್ಲಿ ಷರಾ. ಷರಾ ಕಾಲಂ ಎಲ್ಲಕ್ಕಿಂತ ಅಗಲ. ವಿಶೇಷವೇನಾದರೂ ಇದ್ದರೆ ಅಲ್ಲಿ ಬರೆಯಬೇಕು ಎಂದು ಪ್ರೊಫೆಸರರು ಹೇಳಿದ್ದರು. ಇಷ್ಟು ಜಾಗ ದಂಡ ಎಂದು ನನಗೆ ಅನ್ನಿಸುತ್ತಿತ್ತು. ಪುಟವೆಲ್ಲ ಸಾಲುಸಾಲು ಅಂಕಿಯಿಂದ ತುಂಬಿ ಷರಾ ಮಾತ್ರ ಶುಭ್ರವಾಗಿ ಉಳಿದರೆ ಆ ತಿಂಗಳು ಚೆನ್ನಾಗಿ ನಡೆಯಿತು ಎನ್ನುವುದು ನನ್ನ ಲೆಕ್ಕ. ನಾನು ಸಹಿಸುತ್ತಿದ್ದ ಖಾಲಿ ಜಾಗ ಅದೊಂದೇ.

ಕೆರೆಯನ್ನು ನಿಜವಾಗಿ ಅಳೆಯುತ್ತಿದ್ದವನು ತೆಪ್ಪದಣ್ಣ. ಹೆಸರು ಬೇರೆ ಇತ್ತು, ನಾವೆಲ್ಲ ಕರೆಯುತ್ತಿದ್ದುದು ಹಾಗೆ. ಪಡುವಾರಹಳ್ಳಿಯ ಒಕ್ಕಲು ಮನೆಯವನು, ನನ್ನ ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವನಿರಬಹುದು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ತೆಪ್ಪವನ್ನು ಕೆರೆಯ ನಡುವಿಗೆ ಹುಟ್ಟುಹಾಕಿಕೊಂಡು ಹೋಗಿ, ಹಗ್ಗಕ್ಕೆ ಕಟ್ಟಿದ ಬಿಳಿ ತಗಡಿನ ತಟ್ಟೆಯನ್ನು ನೀರಿಗಿಳಿಸುತ್ತಿದ್ದ. ಹಗ್ಗಕ್ಕೆ ಅರ್ಧ ಅಡಿಗೊಂದು ಗಂಟು. ತಟ್ಟೆ ಎಷ್ಟನೆಯ ಗಂಟಿಗೆ ಕಣ್ಣಿಗೆ ಮರೆಯಾಯಿತು ಎನ್ನುವುದರಿಂದ ನೀರು ಎಷ್ಟು ತಿಳಿಯಾಗಿದೆ ಎಂದು ಗೊತ್ತಾಗುತ್ತಿತ್ತು. ಆಮೇಲೆ ಥರ್ಮಾಮೀಟರು. ದಡಕ್ಕೆ ಬಂದು ತೂಬಿನ ಹತ್ತಿರದ ಅಳತೆಗಲ್ಲಿನಲ್ಲಿ ನೀರಿನ ಮಟ್ಟ.

ಆತನಿಗೆ ಅಂಕಿ ಓದಲು ಪ್ರೊಫೆಸರರು ಕಲಿಸಿದ್ದರು. ಬರೆಯುವುದು ಕೈಗೆ ಹತ್ತಲಿಲ್ಲ. ಹಾಗಾಗಿ ಮೂರು ಅಂಕಿಗಳನ್ನೂ ಬಾಯಲ್ಲಿಟ್ಟುಕೊಂಡು ಬರುತ್ತಿದ್ದ. "ಏಳೂಕಾಲು, ಎಪ್ಪತ್ತಾರು, ಹನ್ನೊಂದಡಿ ನಾಕು" ಎಂದು ಗುನುಗುತ್ತ ಏರಿಯ ಮೇಲೆ ನಡೆದು, ರೈಲ್ವೆ ಗೇಟು ದಾಟಿ, ಕಾಲೇಜಿನ ನಮ್ಮ ಕೋಣೆಯ ತನಕ. ದಾರಿಯಲ್ಲಿ ಯಾರ ಜೊತೆಯೂ ಮಾತಿಲ್ಲ. ಮಾತಾಡಿದರೆ ಅಂಕಿ ಕಲಸಿಹೋಗುತ್ತದೆ ಎಂಬ ಭಯ. ಏರಿಯ ಮೇಲೆ ವಾಯುಸೇವನೆಗೆ ಬಂದವರು ಕುಶಲ ಕೇಳಿದರೆ ಕೈ ಎತ್ತಿ ಮುಂದೆ ಹೋಗಿಬಿಡುತ್ತಿದ್ದ. ಗೇಟಿನ ಹತ್ತಿರ ಕಡಲೆಕಾಯಿ ಮಾರುವ ಹೆಂಗಸು ದಿನಾ ಕರೆಯುತ್ತಿದ್ದಳಂತೆ, ದಿನಾ ಇವನು ಕೈ ಆಡಿಸಿ ದಾಟುತ್ತಿದ್ದನಂತೆ. ಊರಿಗೆ ಹಿಂದಿರುಗುವಾಗ ಆತ ಹಿಡಿಯುತ್ತಿದ್ದುದು ಬೇರೆ ದಾರಿ. ಕೆಲವರು ಈತ ಏನೋ ಜಪ ಹಿಡಿದಿದ್ದಾನೆ ಎಂದುಕೊಂಡಿದ್ದರು, ಕೆಲವರು ಸರ್ಕಾರಿ ಸಂಬಳ ಬಂದಮೇಲೆ ಕೊಬ್ಬು ಎಂದರು.

ನನ್ನ ಮೇಜಿನ ಮುಂದೆ ನಿಂತು ಮೂರು ಅಂಕಿಯನ್ನೂ ಒಪ್ಪಿಸಿ, ನಾನು ಬರೆದು ತಲೆ ಎತ್ತಿದ ಮೇಲೆಯೇ ಆತ ಉಸಿರು ಬಿಡುತ್ತಿದ್ದುದು. ಆಮೇಲೆ ನೋಡಬೇಕು, ಮಳೆ, ರಾಗಿ, ಮೊಮ್ಮಗಳ ಹಲ್ಲು, ಕೆರೆಗೆ ಬಂದ ಹೊಸ ಹಕ್ಕಿ ಎಲ್ಲ ಒಂದೇ ಗುಕ್ಕಿನಲ್ಲಿ ಹೊರಗೆ ಬರುತ್ತಿತ್ತು. ಮಾತಿನ ಮಲ್ಲ. ಆ ಒಂದು ಮೈಲಿ ಬಾಯಿ ಕಟ್ಟಿ ನಡೆಯುವುದು ಆತನಿಗೆ ಎಷ್ಟು ಕಷ್ಟವಾಗಿತ್ತು ಎಂದು ಒಂದು ದಿನವೂ ನಾನು ಯೋಚಿಸಲಿಲ್ಲ.

ಇನ್ನು ನವರಾತ್ರಿಯ ವಿಷಯ. ಸಪ್ತಮಿಯ ದಿನ ಸರಸ್ವತಿ ಪೂಜೆ. ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ, ಮೇಲೆ ರೇಷ್ಮೆ ವಸ್ತ್ರ ಹೊದಿಸಿ ಪೂಜೆಗಿಟ್ಟರೆ ವಿಜಯದಶಮಿಯ ದಿನ ತೆಗೆಯುವ ತನಕ ಓದುವಂತಿಲ್ಲ, ಬರೆಯುವಂತಿಲ್ಲ. ಚಿಕ್ಕಂದಿನಲ್ಲಿ ನಮಗೆ ವರ್ಷದಲ್ಲಿ ಅತ್ಯಂತ ಪ್ರಿಯವಾದ ಶಾಸ್ತ್ರ ಇದೇ. ಕಷ್ಟದ ಲೆಕ್ಕದ ಪುಸ್ತಕವನ್ನು ಎಲ್ಲಕ್ಕಿಂತ ಅಡಿಯಲ್ಲಿ ಇಡುತ್ತಿದ್ದೆವು.

ಕಾಲೇಜಿಗೆ ದಸರಾ ರಜ ಬಂದರೆ ಕೋಣೆಗೆ ಬೀಗ, ರಿಜಿಸ್ಟರು ನನ್ನ ಜೊತೆ ಮನೆಗೆ. ಕೆರೆಗೆ ರಜವಿಲ್ಲವಲ್ಲ, ತೆಪ್ಪದಣ್ಣ ನಮ್ಮ ಮನೆಗೇ ಬಂದು ಅಂಕಿ ಹೇಳಿ ಹೋಗುತ್ತಿದ್ದ. ಕೆಲಸಕ್ಕೆ ಸೇರಿದ ಮೊದಲನೆಯ ವರ್ಷ, ಸಪ್ತಮಿಯ ಬೆಳಿಗ್ಗೆ, ಯಾರೂ ಹೇಳದೆ ನಾನೇ ರಿಜಿಸ್ಟರನ್ನು ತಂದು ಪುಸ್ತಕಗಳ ರಾಶಿಯ ತುತ್ತತುದಿಗೆ ಇಟ್ಟೆ. ನನ್ನ ಸ್ವಂತ ಸಂಪಾದನೆಯ ಪುಸ್ತಕ ಅದು. ನೆಂಟರು ಬೊಂಬೆ ನೋಡಲು ಬಂದಾಗ ಕಣ್ಣಿಗೆ ಬೀಳಲಿ ಎನ್ನುವ ಆಸೆ ಇತ್ತು, ಇಲ್ಲ ಎನ್ನಲಾರೆ. ನನ್ನ ಪೆನ್ನನ್ನೂ ಅದರ ಮೇಲೆಯೇ ಇಟ್ಟೆ.

ಪೂಜೆಯಾಗಿ ಅರ್ಧ ಗಂಟೆಗೆ ತೆಪ್ಪದಣ್ಣ ಬಾಗಿಲಲ್ಲಿ ನಿಂತಿದ್ದ. ತುಟಿ ಆಡುತ್ತಲೇ ಇತ್ತು. ನನ್ನನ್ನು ಕಂಡ ಕೂಡಲೇ ಮೂರು ಅಂಕಿ ಒಪ್ಪಿಸಿದ. ಬರೆಯುವಂತಿಲ್ಲ ಎಂದು ಆಗ ನೆನಪಾಯಿತು. ಮೂರೇ ಅಂಕಿ ತಾನೆ, ನೆನಪಿಟ್ಟುಕೊಂಡರಾಯಿತು ಎಂದುಕೊಂಡೆ.

"ಆಯ್ತು ಅಣ್ಣ, ಬರ್ಕೋತೀನಿ" ಎಂದು ಹೇಳಿ, ಬೊಂಬೆ ನೋಡಲು ಬಂದವರಿಗೆ ಹಂಚುವ ಚರಪಿನ ಕೋಡುಬಳೆ ಎರಡು ಆತನ ಕೈಗಿಟ್ಟೆ.

ಅಷ್ಟಮಿಯೂ ಹಾಗೆಯೇ ಆಯಿತು, ನವಮಿಯೂ ಹಾಗೆಯೇ. ದಶಮಿಯ ದಿನ ಪುಸ್ತಕ ತೆಗೆದು, ಪಾಠ ಓದಿದ ಶಾಸ್ತ್ರ ಮಾಡಿ, ರಿಜಿಸ್ಟರು ಬಿಡಿಸಿ ಕೂತರೆ ತಲೆಯಲ್ಲಿ ಎಲ್ಲ ಕಲಸುಮೇಲೋಗರ. ಎಪ್ಪತ್ತೈದು ಯಾವತ್ತಿನದು? ಆರೂವರೆ ಸಪ್ತಮಿಯದೋ ನವಮಿಯದೋ? ಕೊನೆಗೆ ಬಹಳ ಜಾಣತನದ ಉಪಾಯ ಹೊಳೆಯಿತು. ಷಷ್ಠಿಯ ಅಂಕಿ ಇದೆ, ದಶಮಿಯ ಅಂಕಿ ಇದೆ. ನಡುವಿನ ವ್ಯತ್ಯಾಸವನ್ನು ನಾಲ್ಕು ಭಾಗ ಮಾಡಿ ಒಂದೊಂದು ದಿನಕ್ಕೆ ಒಂದೊಂದು ಪಾಲು ಏರಿಸುತ್ತಲೋ ಇಳಿಸುತ್ತಲೋ ಹೋದೆ. ಮೂರು ಸಾಲು ತುಂಬಿತು. ಸುಮ್ಮನೆ ಒಂದೇ ಅಂಕಿಯನ್ನು ಮೂರು ಸಲ ಬರೆಯಲಿಲ್ಲವಲ್ಲ, ಲೆಕ್ಕ ಹಾಕಿಯೇ ಬರೆದೆ ಎಂದು ಮನಸ್ಸಿಗೆ ಸಮಾಧಾನವೂ ಆಯಿತು. ಪುಟ ಅಚ್ಚುಕಟ್ಟಾಗಿ ಕಂಡಿತು.

ಎರಡನೆಯ ವರ್ಷದಿಂದ ನೆನಪಿಡುವ ಗೋಜಿಗೇ ಹೋಗಲಿಲ್ಲ. ತೆಪ್ಪದಣ್ಣ ಬಾಗಿಲಲ್ಲಿ ನಿಂತು ಅಂಕಿ ಹೇಳುವಾಗ ನನ್ನ ಗಮನ ಒಳಗೆ ಒಲೆಯ ಮೇಲಿಟ್ಟ ಪಾಯಸದ ಕಡೆ. "ಆಯ್ತು ಅಣ್ಣ" ಎನ್ನುವುದು, ಚರಪು ಕೊಡುವುದು, ಕಳಿಸುವುದು. ಆಮೇಲೆ ದಶಮಿಯ ದಿನ ನಾಲ್ಕು ಪಾಲು. ಹೀಗೆ ವರ್ಷಕ್ಕೆ ಮೂರು ದಿನ. ಮಿಕ್ಕ ದಿನಗಳ ಒಂದಂಕಿಯನ್ನೂ ನಾನು ತಿದ್ದಿದವಳಲ್ಲ. ಜ್ವರ ಬಂದರೂ ಹೋಗಿ ಬರೆದಿದ್ದೇನೆ. ಅದಕ್ಕೇ ಈ ಮೂರು ದಿನ ಮನಸ್ಸಿಗೆ ಚುಚ್ಚಲೇ ಇಲ್ಲ. ದೇವರ ಕೆಲಸಕ್ಕೆ ಹೋದ ದಿನಗಳು, ಯಾರಿಗೇನು ನಷ್ಟ ಎನ್ನುವ ಹಾಗೆ ಇದ್ದೆ.

ಅಳತೆಗಳು ಬದಲಾಗದಿದ್ದರೆ ಇದು ಹಾಗೆಯೇ ನಡೆದುಹೋಗುತ್ತಿತ್ತೋ ಏನೋ. ಅಡಿ, ಅಂಗುಲ, ಸೇರು, ಮಣ ಎಲ್ಲ ಹೋಗಿ ಮೀಟರು ಕಿಲೋಗ್ರಾಂ ಬಂದ ಕಾಲ. ಅಂಗಡಿಯವರೂ ಗಿರಾಕಿಗಳೂ ತಕ್ಕಡಿಯ ಮುಂದೆ ಜಗಳ ಆಡುತ್ತಿದ್ದರು. ನಮ್ಮ ಕೆರೆಯೂ ಬದಲಾಗಬೇಕಾಯಿತು. ಹಳೆಯ ರಿಜಿಸ್ಟರುಗಳ ಗಂಟುಗಳನ್ನೆಲ್ಲ ಸೆಂಟಿಮೀಟರಿಗೆ ತಿರುಗಿಸಿ ಹೊಸ ರಿಜಿಸ್ಟರಿಗೆ ಏರಿಸಬೇಕು ಎಂದು ಪ್ರೊಫೆಸರರು ಹೇಳಿದರು. ಹಳೆಯದನ್ನು ಮಾತ್ರ ಎಸೆಯಕೂಡದು. "ತಿರುಗಿಸೋವಾಗ ನಾವು ಮಾಡೋ ತಪ್ಪು ಅದನ್ನ ನೋಡಿದ್ರೇ ಗೊತ್ತಾಗೋದು" ಎಂದರು. ತಿಂಗಳುಗಟ್ಟಲೆ ಅದೇ ಕೆಲಸ. ನಾನು ಒಂದೊಂದು ವರ್ಷ ಮುಗಿಸಿ ಕೊಟ್ಟಂತೆ ಅವರು ಗ್ರಾಫ್ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ, ವರ್ಷಕ್ಕೊಂದು ಪಟ್ಟಿಯಂತೆ, ಒಂದರ ಕೆಳಗೊಂದು ಮೇಜಿನ ಮೇಲೆ ಹಾಸುತ್ತ ಹೋದರು.

ಒಂದು ಮಧ್ಯಾಹ್ನ ನನ್ನನ್ನು ಕೂಗಿ ಕರೆದರು. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ. ಮೇಜಿನ ಮೇಲೆ ಒಂಬತ್ತು ಪಟ್ಟಿ, ಪ್ರತಿಯೊಂದರಲ್ಲೂ ಒಂದು ಜಾಗಕ್ಕೆ ಕೆಂಪು ಪೆನ್ಸಿಲಿನ ಸುತ್ತು.

"ನೋಡಮ್ಮ, ತಟ್ಟೆ ಗೆರೆ ವರ್ಷವೆಲ್ಲ ಕುಣೀತಾ ಇರತ್ತೆ. ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇಲ್ಲ. ಈ ಮೂರು ದಿನ ಮಾತ್ರ ನೋಡು, ಸ್ಕೇಲ್ ಇಟ್ಟು ಎಳೆದ ಹಾಗಿದೆ. ಒಂದು ವರ್ಷ ಅಲ್ಲ, ಒಂಬತ್ತು ವರ್ಷ! ಒಂದು ವರ್ಷ ಸೆಪ್ಟೆಂಬರ್ ಕೊನೇಲಿ, ಒಂದು ವರ್ಷ ಅಕ್ಟೋಬರ್ ನಡುವೆ. ಮುಂಗಾರು ಗಾಳಿ ನಿಂತಿರತ್ತೆ, ಹಿಂಗಾರು ಶುರುವಾಗಿರಲ್ಲ. ಆ ಸಂಧೀಲಿ ಕೆರೆ ತಟಸ್ಥವಾಗತ್ತೆ ಅಂತ ಕಾಣತ್ತೆ. ಇದನ್ನ ಯಾರೂ ಹೇಳಿಲ್ಲ. ಜನವರಿ ಸಮ್ಮೇಳನಕ್ಕೆ ಇದನ್ನೇ ಬರೀತೀನಿ."

ನಾನು ಆ ಕೆಂಪು ಸುತ್ತುಗಳ ಕೆಳಗಿನ ತಾರೀಖುಗಳನ್ನು ಓದಿದೆ. ಸ್ಟೂಲು ಎಳೆದುಕೊಂಡು ಕೂತೆ. ಅವರಿಗೆ ಹೊಳೆಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ನಾಳೆ ಹಬ್ಬವೋ ಅಲ್ಲವೋ ಎಂದು ಹೆಂಡತಿಯನ್ನು ಕೇಳಿ ತಿಳಿದುಕೊಳ್ಳುವ ಮನುಷ್ಯ ಅವರು. ಮನೆಗೆ ಹೋಗಿ, ಅಪ್ಪ ಕಟ್ಟಿಟ್ಟಿದ್ದ ಹಳೆಯ ಪಂಚಾಂಗಗಳನ್ನು ಅಟ್ಟದಿಂದ ಇಳಿಸಿ ಒಂದೊಂದಾಗಿ ನೋಡಿದೆ. ಸಪ್ತಮಿ, ಅಷ್ಟಮಿ, ನವಮಿ. ಒಂಬತ್ತು ವರ್ಷವೂ ಅದೇ. ಕೆರೆಗೆ ಪಂಚಾಂಗ ಓದಲು ಬರುವುದಿಲ್ಲ. ಅವರು ಕಂಡುಹಿಡಿದದ್ದು ಕೆರೆಯ ಗುಣವನ್ನಲ್ಲ, ನನ್ನ ಗುಣವನ್ನು.

ಹೇಳದಿದ್ದರೆ ಆ ಸುಳ್ಳು ಅವರ ಹೆಸರಿನಲ್ಲಿ ಊರೂರಿನ ವಿದ್ವಾಂಸರ ಮುಂದೆ ಓದಲ್ಪಡುತ್ತದೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಅವರ ಇಷ್ಟು ವರ್ಷದ ದುಡಿಮೆಯ ಮೇಲೇ ಅನುಮಾನ ಬರುತ್ತದೆ. ಒಂದು ವಾರ ಬಾಯಿ ಬಿಡಲಿಲ್ಲ. ಆ ವಾರ ನಾನು ಏನು ತಿಂದೆ, ಏನು ಮಾಡಿದೆ ಒಂದೂ ನೆನಪಿಲ್ಲ. ಮೇಜಿನ ಮೇಲೆ ಅವರ ಬರಹದ ಹಾಳೆಗಳು ದಿನದಿನಕ್ಕೆ ದಪ್ಪವಾಗುತ್ತಿದ್ದುದು ಮಾತ್ರ ಚೆನ್ನಾಗಿ ನೆನಪಿದೆ. ಅವರು ನನ್ನ ಕೈಗೆ ಮೊದಲ ಕಂತು ಕೊಟ್ಟು, ಟೈಪು ಮಾಡಲು ಕೊಡುವ ಮೊದಲು ಅಂಕಿಗಳನ್ನೊಮ್ಮೆ ನೋಡಮ್ಮ ಎಂದರು. ಮೊದಲ ಪುಟದ ಅಡಿಯಲ್ಲಿ ನನ್ನ ಹೆಸರು ಬರೆದು, ಇಂಥವರ ಎಚ್ಚರದ ದಾಖಲೆಯಿಂದ ಇದು ಸಾಧ್ಯವಾಯಿತು ಎಂದು ಕೃತಜ್ಞತೆ ಹೇಳಿದ್ದರು. ಅಲ್ಲಿಗೆ ನನ್ನ ಕೈಲಿ ಆಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಪೆನ್ನಿಗೆ ಟೋಪಿ ಹಾಕಿ ಪಕ್ಕಕ್ಕಿಟ್ಟರು.

"ವರ್ಷಕ್ಕೆ ಮೂರು. ಇಪ್ಪತ್ತೇಳು ದಿನ" ಎಂದರು. ಆಮೇಲೆ, "ಬೇರೆ ಎಲ್ಲಾದ್ರೂ?"

"ಇಲ್ಲ ಸಾರ್. ಬೇರೆ ಒಂದಂಕಿಯೂ ಇಲ್ಲ."

"ನಾನು ನಂಬ್ತೀನಮ್ಮ. ನಿನ್ನ ನೋಡಿದೀನಿ, ನಂಬ್ತೀನಿ. ಐವತ್ತು ವರ್ಷದ ಮೇಲೆ ಈ ಪುಸ್ತಕ ಬಿಡಿಸೋನು ನಿನ್ನ ನೋಡಿರಲ್ವಲ್ಲ, ಅವನೇನು ಮಾಡಬೇಕು?"

ನನಗೆ ಅಳು ಬಂತು. ಅವರು ಅಳುವವರನ್ನು ಸಮಾಧಾನ ಮಾಡಲು ಬಾರದವರು, ಕಿಟಕಿಯ ಕಡೆ ತಿರುಗಿ ಕೂತರು. ಆಮೇಲೆ ನಾನು ರಬ್ಬರು ತೆಗೆದುಕೊಂಡದ್ದನ್ನು ಕಂಡು ಕೈ ಅಡ್ಡ ಹಿಡಿದರು.

"ಅಳಿಸಬೇಡ. ಕೆಂಪು ಶಾಯೀಲಿ ಒಂದು ಗೆರೆ ಎಳಿ, ಕೆಳಗಿರೋದು ಕಾಣಬೇಕು. ಷರಾದಲ್ಲಿ ಬರಿ, ಈ ಅಂಕಿ ಅಳೆದದ್ದಲ್ಲ, ಊಹೆ ಮಾಡಿದ್ದು, ಯಾಕೆ ಅಂತ. ಸುಳ್ಳು ಬರೆದದ್ದೂ ಒಂದು ದಾಖಲೆಯೇ. ಮುಚ್ಚಿಟ್ರೆ ಮಾತ್ರ ಅದು ರೋಗ."

ತಮ್ಮ ಬರಹದ ಹಾಳೆಗಳನ್ನು ಮಡಚಿ, ದಾರ ಕಟ್ಟಿ ಬೀರುವಿನ ಕೆಳಗಿನ ಅರೆಯಲ್ಲಿಟ್ಟರು. ಆ ವರ್ಷ ಅವರು ಸಮ್ಮೇಳನಕ್ಕೆ ಹೋಗಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲೂ ಇಲ್ಲ. ನಾನು ಹೊರಡುವಾಗ, "ಪಾಪ, ಅವನಿಗೆ ನೀನೇ ಹೇಳಬೇಕು" ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಆ ವಾರವೆಲ್ಲ ನನ್ನ ಮಾನ, ಅವರ ಮಾನ ಎಂದು ಒದ್ದಾಡಿದ್ದೆನೇ ಹೊರತು ತೆಪ್ಪದಣ್ಣನ ಮುಖ ಒಂದು ಸಲವೂ ಕಣ್ಣ ಮುಂದೆ ಬಂದಿರಲಿಲ್ಲ.

ಅಂದು ಸಂಜೆ ಅಮ್ಮನಿಗೆ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ಈಳಿಗೆ ಮಣೆ ಬಿಟ್ಟು ನನ್ನನ್ನೇ ನೋಡಿದಳು.

"ಅಲ್ವೇ, ಅದನ್ನ ಪೂಜೆಗಿಡು ಅಂತ ನಾನು ಹೇಳಿದ್ನೇನೆ? ಅದು ಕೆಲಸದ ಪುಸ್ತಕ ಕಣೇ. ನವರಾತ್ರಿ ಅಂತ ಡಾಕ್ಟರು ಚೀಟಿ ಬರೆಯೋದು ನಿಲ್ಲಿಸ್ತಾರಾ? ಸ್ಟೇಷನ್ನಲ್ಲಿ ಟಿಕೆಟ್ ಕೊಡೋದು ನಿಲ್ಲಿಸ್ತಾರಾ? ಒಂದು ಮಾತು ಕೇಳಿದ್ದಿದ್ರೆ ತಕ್ಕೊಂಡು ಬರಿ ಅಂತಿದ್ದೆ."

ಒಂಬತ್ತು ವರ್ಷ ನಾನು ಮೀರಲಾರೆ ಎಂದುಕೊಂಡಿದ್ದ ಶಾಸ್ತ್ರ ಅಮ್ಮನ ಬಾಯಲ್ಲಿ ಇಷ್ಟು ಸಲೀಸಾಗಿ ಸಡಿಲವಾಯಿತು. ನನಗೆ ಅಮ್ಮನ ಮೇಲೇ ಸಿಟ್ಟು ಬಂತು. ಸಿಟ್ಟು ಮಾಡಲು ಅವಳ ತಪ್ಪೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೆರೆಗೆ ಹೋದೆ. ತೆಪ್ಪದಣ್ಣ ತೆಪ್ಪವನ್ನು ದಡಕ್ಕೆ ಎಳೆದು ಬೋರಲು ಹಾಕುತ್ತಿದ್ದ. ತುಟಿ ಆಡುತ್ತಿತ್ತು. ನಾನು ಚೀಟಿ ಪೆನ್ಸಿಲ್ ತೆಗೆದು, "ಇಲ್ಲೇ ಹೇಳಣ್ಣ" ಎಂದೆ. ಮೂರು ಅಂಕಿ ಹೇಳಿ ಬಾಯಿ ಹಗುರ ಮಾಡಿಕೊಂಡು, "ಏನವ್ವ, ಇಲ್ಲಿಗಂಟ ಬಂದ್ಬುಟ್ರಿ?" ಎಂದು ಕೇಳಿದ. ಹೇಳಿದೆ. ಆತ ನಗುತ್ತ ಕೇಳಲು ಶುರು ಮಾಡಿದವನು ನಗು ನಿಲ್ಲಿಸಿದ.

"ಬರ್ಕತೀನಿ ಅಂತಿದ್ರಲ್ಲವ್ವ?"

"ಬರೀಲಿಲ್ಲ ಅಣ್ಣ. ಒಂದು ವರ್ಷಾನೂ ಬರೀಲಿಲ್ಲ."

ಆತ ತೂಬಿನ ಕಟ್ಟೆಯ ಮೇಲೆ ಕೂತ. ಒದ್ದೆ ಹಗ್ಗವನ್ನು ಸುತ್ತುತ್ತ, ಗಂಟುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿದ. ಮಾತಾಡಿದಾಗ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಒಂದ್ ವರ್ಸ ನವಮಿ ದಿನ, ನಮ್ ತಂಗಿ ನಂಜನಗೂಡ್ ಕಡೆಯಿಂದ ರೈಲಲ್ಲಿ ಬಂದಿದ್ಲು ದಸರಾ ನೋಡಕ್ಕೆ. ಗೇಟ್ ತಾವ ಸಿಕ್ಕುದ್ಲು. ಅಣ್ಣಾ ಅಂತ ಕೂಗುದ್ಲು. ನನ್ ಬಾಯಲ್ಲಿ ಕೆರೆ ಇತ್ತು. ಕೈ ಎತ್ಬುಟ್ಟು ನಿಮ್ಮನೆ ಕಡೆ ಬಂದ್ಬುಟ್ಟೆ. ನಿಮಗೆ ಒಪ್ಸಿ ಓಡೋಗಿ ನೋಡುದ್ರೆ ಅವ್ಳಿಲ್ಲ. ಗಂಡನ್ ಮುಂದೆ ಅವಮಾನ ಆಯ್ತು ಅಂತ ಮೂರ್ ವರ್ಸ ನಮ್ಮನೆ ಹೊಸ್ಲು ತುಳೀನಿಲ್ಲ. ನಾನೇನ್ ಅನ್ಕಂಡೆ ಗೊತ್ತಾ? ಹೋಗ್ಲಿ, ಅಂಕಿ ಬುಕ್ಕಲ್ಲಿ ಅದೆ ಅನ್ಕಂಡೆ."

ತಪ್ಪಾಯಿತು ಎಂದೆ. ಅದು ಬಹಳ ಸಣ್ಣ ಮಾತಾಗಿ ಕೇಳಿಸಿತು.

"ಅವತ್ತಿಂದು ಮಾತ್ರ ಮರ್ತಿಲ್ಲ ಕಣವ್ವ. ಎಂಗೆ ಮರೀಲಿ? ನಾಕೂಮುಕ್ಕಾಲು, ಎಪ್ಪತ್ನಾಕು, ಹನ್ನೆರಡಡಿ ಒಂದು. ಹಿಂದಿನ್ ದಿನ ಸಂಜೆ ಜೋರು ಮಳೆ ಹುಯ್ದು ಕೆಂಪು ನೀರು ನುಗ್ಗಿತ್ತು, ತಟ್ಟೆ ಬಿಟ್ಟಂಗೆ ಮುಳುಗೋಯ್ತು."

ಕೋಣೆಗೆ ಬಂದು ಆ ವರ್ಷದ ನವಮಿಯ ಸಾಲು ತೆಗೆದೆ. ನನ್ನ ನಾಲ್ಕು ಪಾಲಿನ ಲೆಕ್ಕ ಅಂದು ಎಂಟು ಗಂಟು ಎಂದಿತ್ತು. ತಿಳಿನೀರು ಎಂದು ನಾನು ಬರೆದ ದಿನ ಕೆರೆ ರಾಡಿಯಾಗಿತ್ತು. ಪ್ರೊಫೆಸರರಿಗೆ ತೋರಿಸಿದೆ. ಈಗ ಈ ಅಂಕಿಯನ್ನು ಕಾಲಮ್ಮಿಗೆ ಹಾಕಲೇ ಎಂದು ಕೇಳಿದೆ. ಒಂದಾದರೂ ಉಳಿಯಲಿ ಎಂಬ ಆಸೆ.

"ಕಾಲಮ್ಮಿಗೆ ಬೇಡ. ಅದು ನೆನಪು, ಅವತ್ತೇ ಬರೆದದ್ದಲ್ಲ. ಷರಾಕ್ಕೆ ಹಾಕು. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಯಾಕೆ ನೆನಪಿತ್ತು, ಎಲ್ಲ ಬರಿ. ಓದೋನು ನಂಬೋದೋ ಬಿಡೋದೋ ಅವನಿಗೆ ಬಿಟ್ಟದ್ದು."

ತಂಗಿ ರೈಲ್ವೆ ಗೇಟಿನಲ್ಲಿ ಕೂಗಿದ್ದು, ಅಣ್ಣ ಕೈ ಎತ್ತಿ ಹೋದದ್ದು ಎಲ್ಲ ಹಾಗೆ ಷರಾದಲ್ಲಿ ಸೇರಿತು. ಕಾಲಂ ಸಾಲದೆ ಬರಹ ಅಂಚಿಗೂ ಹತ್ತಿತು. ಮಿಕ್ಕ ಇಪ್ಪತ್ತಾರು ದಿನಕ್ಕೆ ಕೆಂಪು ಗೆರೆ ಎಳೆದು ಒಂದೇ ವಾಕ್ಯವನ್ನು ಇಪ್ಪತ್ತಾರು ಸಲ ಬರೆದೆ. ನಾನು ಅಷ್ಟು ಜೋಪಾನ ಮಾಡಿದ್ದ ಪುಟಗಳು ಗಾಯವಾದ ಮೈಯ ಹಾಗೆ ಕಾಣುತ್ತಿದ್ದವು. ನೋಡಿ ನೋಡಿ ಅಭ್ಯಾಸವಾಯಿತು.

ಮರುವರ್ಷದ ನವರಾತ್ರಿ ಬಂತು. ಸಪ್ತಮಿ, ಅಷ್ಟಮಿಯ ಅಂಕಿಯನ್ನು ತೆಪ್ಪದಣ್ಣ ಮನೆಗೆ ಬಂದು ಹೇಳಿದ ಕೂಡಲೇ ಬರೆದೆ, ನವಮಿಗೆ ನಾನೇ ಕೆರೆಗೆ ಬರುತ್ತೇನೆ ಎಂದೆ. ನವಮಿಯ ಬೆಳಿಗ್ಗೆ, ಮನೆಯಲ್ಲಿ ಈಳಿಗೆ ಮಣೆಗೂ ಅಪ್ಪನ ಸೈಕಲ್ಲಿಗೂ ಅರಿಸಿನ ಕುಂಕುಮ ಹಚ್ಚುತ್ತಿದ್ದ ಅಮ್ಮ, ರಿಜಿಸ್ಟರಿನ ರಟ್ಟಿಗೂ ಒಂದು ಬೊಟ್ಟು ಇಟ್ಟು ನನ್ನ ಕೈಗೆ ಕೊಟ್ಟಳು. "ಹೊತ್ತಾಯ್ತು, ಹೋಗು" ಎಂದಳು.

ಏರಿಯ ಮೇಲೆ ಕಲ್ಲುಬೆಂಚಿನಲ್ಲಿ ಕೂತು ಕಾದೆ. ತೆಪ್ಪ ನಡು ನೀರಿನಲ್ಲಿ ಒಂದು ಸುತ್ತು ತಿರುಗಿ ನಿಂತಿತು. ತಟ್ಟೆ ಇಳಿಯಿತು, ಮೇಲೆ ಬಂತು. ಇನ್ನೊಂದು ಸಲ ಇಳಿಯಿತು. ಹಬ್ಬದ ದಿನ ಬೇಗ ಮುಗಿಸುವ ಮನುಷ್ಯನಲ್ಲ ಆತ ಎಂದು ಆಗ ಕಣ್ಣಾರೆ ಕಂಡೆ. ದಡಕ್ಕೆ ಬಂದು, ಅಳತೆಗಲ್ಲು ನೋಡಿ, ನೇರ ನನ್ನ ಮುಂದೆ ನಿಂತು ಒಪ್ಪಿಸಿದ. ಬರೆದೆ.

"ಬರುದ್ರಾ?"

"ಬರೆದೆ, ನೋಡಣ್ಣ."

ಬಗ್ಗಿ ನೋಡಿದ. ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿಕೊಂಡ. ಸಾಲಿನ ಮೇಲೆ ಆತನ ಬೆರಳಿನ ಒದ್ದೆ ಗುರುತು ಉಳಿಯಿತು. ಅದನ್ನು ಹೀರಿಸಲು ನಾನು ಒತ್ತುಹಾಳೆ ತೆಗೆಯಲಿಲ್ಲ.

ಇಬ್ಬರೂ ಪೇಟೆಯ ಕಡೆ ನಡೆದೆವು. ಆತನ ಬಾಯಿಯಲ್ಲಿ ಏನೂ ಇರಲಿಲ್ಲ. ಏರಿಯ ಮೇಲೆ ಸಿಕ್ಕ ಒಬ್ಬೊಬ್ಬರನ್ನೂ ನಿಲ್ಲಿಸಿ ಮಾತಾಡಿಸಿದ. ನಿವೃತ್ತ ಅಮಲ್ದಾರರೊಬ್ಬರ ಮಂಡಿನೋವು ವಿಚಾರಿಸಿದ. ದಸರಾಕ್ಕೆಂದು ಬುತ್ತಿ ಹೊತ್ತು ಬರುತ್ತಿದ್ದ ಹಳ್ಳಿಯವರಿಗೆ ಜಂಬೂ ಸವಾರಿ ಯಾವ ಮೂಲೆಯಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಎಂದು ಉದ್ದಕ್ಕೆ ವಿವರಿಸಿದ. ಗೇಟಿನ ಹತ್ತಿರ ಕಡಲೆಕಾಯಿ ಹೆಂಗಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸುಟ್ಟದ್ದೋ ಹುರ್ದದ್ದೋ ಎಂದು ಚೌಕಾಸಿಗೆ ಶುರು ಮಾಡಿದ.

ಅವಳು ಕೈಲಿದ್ದ ಸೇರನ್ನು ಹಾಗೆಯೇ ಹಿಡಿದು ಆತನ ಮುಖ ನೋಡಿದಳು.

"ಅಯ್ಯೋ ನಮ್ಮಪ್ಪ, ನಿಮಗೆ ಮಾತ್ ಬತ್ತದಾ? ಇಷ್ಟ್ ವರ್ಸದಿಂದ ನೋಡ್ತಾ ಇವ್ನಿ, ಮೂಗ ಅನ್ಕಂಡಿದ್ನಲ್ಲ!"

ತೆಪ್ಪದಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಸುತ್ತ ಇದ್ದವರೂ ನಕ್ಕರು. ನಾನು ರಿಜಿಸ್ಟರನ್ನು ಎದೆಗೊತ್ತಿಕೊಂಡು ಗೇಟಿನ ಕಂಬದ ಪಕ್ಕದಲ್ಲಿ ನಿಂತಿದ್ದೆ. ಇದನ್ನು ಕೆರೆಯ ತನಕ ಹೊತ್ತು ತರಲು ನನಗೆ ಮನೆಯಿಂದ ಹಿಡಿದದ್ದು ಇಪ್ಪತ್ತೇ ನಿಮಿಷ, ಅಷ್ಟು ವರ್ಷದಲ್ಲಿ ಒಮ್ಮೆಯೂ ತಂದಿರಲಿಲ್ಲ.